ಡಿಗ್‌ಗೆ ಸಿಕ್ಕ ಉತ್ತರ ಪೋಸ್ಟ್‌ಫಿಕ್ಸ್‌ಗೆ ಸಿಗಲಿಲ್ಲ
ದಾವಣಗೆರೆ ಎಪಿಎಂಸಿ ಯಾರ್ಡ್‌ನಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವವರೊಬ್ಬರ ಆಫೀಸಿಗೆ ಮೇಲ್ ಸರ್ವರ್ ಹಾಕಿಕೊಟ್ಟಿದ್ದೇನೆ. ಹಳೇ ಡೆಬಿಯನ್ ಲಿನಕ್ಸ್, ಅದರ ಮೇಲೆ ಮೇಲ್ ಕಳಿಸುವ ಪೋಸ್ಟ್‌ಫಿಕ್ಸ್ ಪ್ರೋಗ್ರಾಂ. ಇಂಟರ್‌ನೆಟ್ ಲೈನ್ ಬದಲಾಯಿಸಿದ ಮಾರನೇ ದಿನ ಅಲ್ಲಿನ ಗುಮಾಸ್ತರು ಫೋನ್ ಮಾಡಿದರು. "ಸರ್, ಬಿಲ್ ಕಳಿಸಿದ್ದು ಯಾರಿಗೂ ಮುಟ್ಟಿಲ್ಲಂತ್ರೀ. ನಮ್ಮ ನಮ್ಮೊಳಗೆ ಕಳಿಸಿದ್ರೆ ಮಾತ್ರ ಬರ್ತೈತೆ."

ಹೋಗಿ ಮೇಲ್‌ಕ್ಯೂ, ಅಂದರೆ ಹೊರಹೋಗಲು ಕಾಯುತ್ತಿರುವ ಮೇಲ್‌ಗಳ ಸಾಲು, ನೋಡಿದೆ. 43 ಮೇಲ್ ಕೂತಿದ್ದವು. ಹೊಸ ಐಪಿ ವಿಳಾಸಕ್ಕೆ, ಅಲ್ಲಿಂದ ಬರುವ ಮೇಲ್ ನಮ್ಮದೇ ಅಂತ ತೋರಿಸುವ ಪಿಟಿಆರ್, ಎಸ್‌ಪಿಎಫ್ ದಾಖಲೆ ಎಲ್ಲ ಮೊದಲೇ ಸರಿಮಾಡಿದ್ದೆ. ಹಾಗಾದರೆ ಲೈನ್‌ನವರು ಮೇಲ್ ಹೋಗುವ 25ನೇ ಪೋರ್ಟ್ ಮುಚ್ಚಿರಬೇಕು ಅಂದುಕೊಂಡೆ. ಆ ಪೋರ್ಟ್‌ಗೆ ಟೆಲ್ನೆಟ್ ಹಾಕಿ ನೋಡಿದರೆ ಆ ಕಡೆಯ ಸರ್ವರ್ ಆರಾಮಾಗಿ ಮಾತಾಡಿತು. ಆಮೇಲೆ ಲಾಗ್ ಓದಿದೆ. ಮೊದಲೇ ಓದಬೇಕಿತ್ತು, ಇರಲಿ. ಎಲ್ಲದಕ್ಕೂ ಒಂದೇ ದೂರು: ಎಂಎಕ್ಸ್ (ಒಂದು ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಎಂಬ ದಾಖಲೆ) ಹುಡುಕುವಾಗ 'ಹೋಸ್ಟ್ ನಾಟ್ ಫೌಂಡ್, ಟ್ರೈ ಅಗೈನ್'.

ಈ 'ಟ್ರೈ ಅಗೈನ್' ಅನ್ನುವುದನ್ನು ಗಮನಿಸಬೇಕು. ಆ ಡೊಮೇನೇ ಇಲ್ಲ ಅಂತ ಡಿಎನ್‌ಎಸ್ (ಹೆಸರು ಕೇಳಿದರೆ ವಿಳಾಸ ಹೇಳುವ ಸರ್ವರ್) ಹೇಳಿದ್ದರೆ ಮೇಲ್ ಕೂಡಲೇ ವಾಪಸ್ ಬರುತ್ತಿತ್ತು. ಉತ್ತರವೇ ಸಿಗದಿದ್ದರೆ ಪೋಸ್ಟ್‌ಫಿಕ್ಸ್ ಮತ್ತೆ ಮತ್ತೆ ಕೇಳುತ್ತಾ ಕಾಯುತ್ತದೆ. ನಾವು ಏನೂ ಬದಲಾಯಿಸದಿದ್ದರೆ 5 ದಿನ. ಅಲ್ಲಿಯವರೆಗೆ ಕಳಿಸಿದವರಿಗೆ ಸುದ್ದಿಯೇ ಇಲ್ಲ.

ಆದರೆ ಅದೇ ಸರ್ವರ್‌ನಲ್ಲಿ ನಾನು ಡಿಗ್ ಎಂಬ, ಡಿಎನ್‌ಎಸ್ ಕೇಳಿ ನೋಡುವ ಕಮಾಂಡ್ ಹಾಕಿದರೆ ಎಂಎಕ್ಸ್ ತಟ್ಟನೆ ಬರುತ್ತಿತ್ತು! ರಿಸಾಲ್ವ್‌.ಕಾನ್ಫ್ ಫೈಲಿನಲ್ಲಿ ಹೊಸ ಡಿಎನ್‌ಎಸ್ ವಿಳಾಸ ಬರೆದವನೂ ನಾನೇ. ಗುಮಾಸ್ತರು ತರಿಸಿದ ಮಂಡಕ್ಕಿ, ಮಿರ್ಚಿ ಆರಿ ತಣ್ಣಗಾದವು.

ಈ ಹಳೇ ಡೆಬಿಯನ್‌ನಲ್ಲಿ ಪೋಸ್ಟ್‌ಫಿಕ್ಸ್‌ನ ಮೇಲ್ ಕಳಿಸುವ ಭಾಗ ಕ್ರೂಟ್ ಎಂಬ ಬೇಲಿಯೊಳಗೆ ಓಡುತ್ತದೆ. ಅಲ್ಲಿಂದ ಹೊರಗಿನ, ರಿಸಾಲ್ವ್‌.ಕಾನ್ಫ್ ಇರುವ ಇಟಿಸಿ ಫೋಲ್ಡರ್ ಕಾಣುವುದಿಲ್ಲ. ಅದಕ್ಕೇ ಶುರುವಾಗುವಾಗ ರಿಸಾಲ್ವ್‌.ಕಾನ್ಫ್‌ನ ಒಂದು ಕಾಪಿಯನ್ನು ತನ್ನ ಸ್ಪೂಲ್ ಫೋಲ್ಡರಿನೊಳಗೆ ಇಟ್ಟುಕೊಳ್ಳುತ್ತದೆ. ಎರಡೂ ಫೈಲನ್ನು ಡಿಫ್ ಹಾಕಿ ಹೋಲಿಸಿ ನೋಡಿದೆ. ಒಳಗಿನ ಕಾಪಿಯಲ್ಲಿ ಹಳೇ ಲೈನ್‌ನವರ ಡಿಎನ್‌ಎಸ್ ಹಾಗೇ ಕೂತಿತ್ತು. ಅದು ಅವರ ಗ್ರಾಹಕರಿಗೆ ಮಾತ್ರ ಉತ್ತರ ಕೊಡುವಂಥದ್ದು. ನಾವೀಗ ಹೊರಗಿನವರು, ಅಲ್ವಾ. ಯುಪಿಎಸ್ ಚೆನ್ನಾಗಿದ್ದದ್ದೇ ತಪ್ಪಾಯಿತು. ಲೈನ್ ಬದಲಾಯಿಸಿದ ಮೇಲೆ ಸರ್ವರ್ ಒಮ್ಮೆ ಆಫ್ ಆಗಿ ಆನ್ ಆಗಿದ್ದರೂ ಕಾಪಿ ಹೊಸದಾಗುತ್ತಿತ್ತು.

ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿ ಕ್ಯೂನಲ್ಲಿದ್ದುದೆಲ್ಲ ಕೂಡಲೇ ಮತ್ತೆ ಹೊರಡಲಿ ಅಂತ ಫ್ಲಶ್ ಮಾಡಿದೆ. 41 ಹೋದವು. ಎರಡು ಆ ಕ್ಷಣವೇ ವಾಪಸ್ ಬಂದವು. ಗುಮಾಸ್ತರು ಡೊಮೇನ್ ಹೆಸರನ್ನೇ ತಪ್ಪು ಟೈಪ್ ಮಾಡಿದ್ದರು. ಈ ಸಲ 'ಟ್ರೈ ಅಗೈನ್' ಇರಲಿಲ್ಲ.