ಮಗು ಮನೆ ತುಂಬಾ ಲಾಗ ಹಾಕುತ್ತಿದೆ, ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಯಾವಾಗ ಸೇರಿಸಬೇಕು?

ನನ್ನ ಮಗಳಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು. ದಿವಾನ ಹತ್ತುವುದು, ಅಲ್ಲಿಂದ ಕೆಳಗಿನ ಗಾದಿ ಮೇಲೆ ಹಾರುವುದು, ಮತ್ತೆ ಹತ್ತುವುದು. ಎದ್ದಾಗಿನಿಂದ ಮಲಗುವ ತನಕ ಇದೇ ಕೆಲಸ. ‘ಇಕಿನ್ನ ಯಾವುದರ ಕ್ಲಾಸಿಗೆ ಹಾಕವಾ’ ಎಂದರು ನಮ್ಮ ಅತ್ತೆ. ಹುಬ್ಬಳ್ಳಿಯ ಒಂದು ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಮೂರು ತಿಂಗಳ ಫೀ ಒಟ್ಟಿಗೇ ಕಟ್ಟಿಬಿಟ್ಟೆ. ಮೂರನೇ ವಾರಕ್ಕೆ ಆ ಗೇಟು ಕಂಡರೆ ಸಾಕು, ನನ್ನ ದುಪಟ್ಟಾ ಹಿಡಿದು ಅಳತೊಡಗಿದಳು. ಅಲ್ಲಿ ಅವಳನ್ನು ಆರೇಳು ವರ್ಷದ ಮಕ್ಕಳ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಸರದಿ ಬರುವ ತನಕ ಹತ್ತು ನಿಮಿಷ ಸುಮ್ನೆ ನಿಲ್ಲಬೇಕು. ಎರಡು ವರ್ಷದ ಕೂಸಿಗೆ ಅದು ಆಗುವ ಮಾತೇ?

ಬಿಡಿಸಿದೆವು. ಆಮೇಲೆ ಧಾರವಾಡದ ಒಬ್ಬ ಹಿರಿಯ ಕೋಚ್ ಹತ್ತಿರ ಕೇಳಿದೆ. ಅವರು ವಯಸ್ಸು ಕೇಳಲಿಲ್ಲ. ‘ಎರಡೂ ಕಾಲು ಕೂಡಿಸಿ ಹಾರತಾಳೇನ್ರಿ ಅಕ್ಕಾರ?’ ಎಂದರು. ನನಗೆ ಗೊತ್ತಿರಲಿಲ್ಲ. ದಿನಾ ನೂರು ಸಲ ಹಾರುವುದನ್ನು ನೋಡಿದ್ದೆ, ಕಾಲು ನೋಡಿರಲಿಲ್ಲ.

ಹೆಜ್ಜೆ 1: ಮೆಟ್ಟಿಲ ಹತ್ತಿರ ಕೂತು ಕಾಲು ನೋಡಿ

ಮನೆ ಮುಂದಿನ ಕೊನೆಯ ಮೆಟ್ಟಿಲು ಸಾಕು, ಒಂದು ಗೇಣಿಗಿಂತ ಎತ್ತರ ಬೇಡ. ಮಗು ಅದರ ಮೇಲಿಂದ ಹಾರುವಾಗ ನೀವು ಕೆಳಗೆ ಕೂತು ಪಾದದ ಕಡೆ ಕಣ್ಣಿಡಿ. ಒಂದು ಕಾಲು ಮೊದಲು, ಇನ್ನೊಂದು ಆಮೇಲೆ ನೆಲಕ್ಕೆ ಬಂದರೆ ಅದು ಹಾರಿದ್ದಲ್ಲ, ಇಳಿದದ್ದು. ಎರಡೂ ಪಾದ ಒಟ್ಟಿಗೆ ಎದ್ದು, ಒಟ್ಟಿಗೆ ಊರಿ, ಮೊಣಕಾಲು ಸ್ವಲ್ಪ ಬಾಗಿದರೆ ಅದು ಹಾರಿದ್ದು. ಸಾಮಾನ್ಯವಾಗಿ ಎರಡರಿಂದ ಎರಡೂವರೆ ವರ್ಷದೊಳಗೆ ಇದು ಬರುತ್ತದೆ. ಒಂದು ಕಾಲಿನ ಮೇಲೆ ಒಂದು ಕ್ಷಣ ನಿಲ್ಲುವುದು ಮೂರರ ಹೊತ್ತಿಗೆ. ಕುಂಟೆಬಿಲ್ಲೆಯ ಹಾಗೆ ಒಂದೇ ಕಾಲಲ್ಲಿ ಕುಪ್ಪಳಿಸುವುದು ನಾಲ್ಕರ ಸುಮಾರಿಗೆ. ಮಗುವಿನಿಂದ ಮಗುವಿಗೆ ಕೆಲವು ತಿಂಗಳು ಹಿಂದೆ ಮುಂದೆ ಆಗುತ್ತದೆ, ಅದಕ್ಕೆ ಗಾಬರಿ ಬೇಡ.

ಕಾಲಿನ ಜೊತೆಗೆ ಕಿವಿಯನ್ನೂ ನೋಡಿ. ‘ಚೆಂಡು ತೊಗೊಂಡು ಬಂದು ಅಜ್ಜಿ ಕೈಯಾಗ ಕೊಡು’ ಎಂದರೆ ಎರಡೂ ಕೆಲಸ ಮಾಡುತ್ತದೆಯೇ? ‘ನಿಲ್ಲು’ ಎಂದಾಗ ನಿಲ್ಲುತ್ತದೆಯೇ? ನೀವು ಎದುರಿಗೆ ಇದ್ದರೂ ಹತ್ತು ನಿಮಿಷ ಬೇರೆಯವರ ಜೊತೆ ಆಡುತ್ತದೆಯೇ? ಹಾರುವ ಮಗುವಿಗಿಂತ ‘ನಿಲ್ಲು’ ಎಂದರೆ ನಿಲ್ಲುವ ಮಗು ಕ್ಲಾಸಿಗೆ ಹೆಚ್ಚು ತಯಾರಾಗಿರುತ್ತದೆ. ಪೆಟ್ಟು ತಪ್ಪಿಸುವುದು ಆ ಒಂದು ಮಾತೇ.

ಹೆಜ್ಜೆ 2: ವಯಸ್ಸಿನ ಲೆಕ್ಕ ಹಾಕಿ, ಅವಸರ ಬಿಡಿ

ಮೂರು ವರ್ಷದ ಒಳಗೆ ಬೇರೆ ಕ್ಲಾಸ್ ಬೇಕೇ ಬೇಕು ಎಂದೇನಿಲ್ಲ. ಅಪ್ಪ ಅಥವಾ ಅಮ್ಮ ಜೊತೆಗೇ ಇದ್ದು ಅರ್ಧ ತಾಸು ಆಡುವ ಕ್ಲಾಸ್ ಸಿಕ್ಕರೆ ಹೋಗಿ. ಸಿಗದಿದ್ದರೆ ಹುಬ್ಬಳ್ಳಿಯ ಉಣಕಲ್ ಕೆರೆಯ ಉದ್ಯಾನ ಇದೆ, ಧಾರವಾಡದ ಸಾಧನಕೇರಿ ಉದ್ಯಾನ ಇದೆ, ಮನೆಯ ಪಡಸಾಲೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟೇ: ಒಂದರಿಂದ ನಾಲ್ಕು ವರ್ಷದ ಮಗು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈ ಆಡಿಸಬೇಕು. ಮೂರು ದಾಟಿದವರಿಗೆ ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಆಟ ಇರಬೇಕು. ವಾರಕ್ಕೆ ಎರಡು ಕ್ಲಾಸಿನಿಂದ ಈ ಲೆಕ್ಕ ತುಂಬುವುದಿಲ್ಲ ಅಲ್ವಾ? ತುಂಬುವುದು ಓಣಿಯಲ್ಲಿ, ಅಂಗಳದಲ್ಲಿ.

ಮೂರರಿಂದ ನಾಲ್ಕರ ನಡುವೆ, ಮೊದಲ ಹೆಜ್ಜೆಯ ಲಕ್ಷಣ ಕಂಡರೆ, ಸಣ್ಣ ಗುಂಪಿನ ಕ್ಲಾಸಿಗೆ ಹಾಕಬಹುದು. ಮೂವತ್ತು ನಲವತ್ತು ನಿಮಿಷ ಸಾಕು. ಕಪ್ಪೆ ಹಾರುವುದು, ಕರಡಿಯಂತೆ ನಾಲ್ಕು ಕಾಲಲ್ಲಿ ನಡೆಯುವುದು, ನೆಲಕ್ಕೆ ಹಾಕಿದ ಪಟ್ಟಿ ಮೇಲೆ ಬೀಳದೆ ನಡೆಯುವುದು, ಉರುಳುವುದು. ಅಲ್ಲಿ ಇಷ್ಟೇ ಇರಬೇಕು. ಸಾಲಾಗಿ ನಿಂತು, ಹೇಳಿದ್ದನ್ನು ಕೇಳಿ, ತಿದ್ದಿಕೊಂಡು ಕಲಿಯುವ ನಿಜವಾದ ಜಿಮ್ನಾಸ್ಟಿಕ್ಸ್‌ಗೆ ಐದಾರು ವರ್ಷ ಒಳ್ಳೆಯ ವಯಸ್ಸು.

ಆರು ಅಂದರೆ ತಡವಾಯಿತು ಅಂತ ಅನ್ನಿಸುತ್ತದೆಯೇ? ಅಗರ್ತಲಾದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಶುರು ಮಾಡಿದ್ದು ಆರನೇ ವಯಸ್ಸಿನಲ್ಲಿ, ಅದೂ ಚಪ್ಪಟೆ ಪಾದ ಇಟ್ಟುಕೊಂಡು. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ (ಓಡಿ ಬಂದು ಮೇಜಿನಂಥ ಸಾಧನದ ಮೇಲೆ ಕೈಯೂರಿ ಹಾರುವ ಸ್ಪರ್ಧೆ) 15.066 ಅಂಕ ಪಡೆದು ನಾಲ್ಕನೆಯವರಾದರು. ಕಂಚು ತಪ್ಪಿದ್ದು 0.150 ಅಂಕದಲ್ಲಿ. ಅಮೆರಿಕದ ಸಿಮೋನ್ ಬೈಲ್ಸ್ ಶುರು ಮಾಡಿದ್ದೂ ಆರಕ್ಕೇ. ಒಲಿಂಪಿಕ್ಸ್‌ಗೆ ಹೋಗಬೇಕೆಂದರೆ ಹುಡುಗಿಯರಿಗೆ ಆ ವರ್ಷ ಹದಿನಾರು ತುಂಬಲೇಬೇಕು. ಎರಡು ವರ್ಷದ ಮಗುವಿನ ಮುಂದೆ ಎಷ್ಟು ಸಮಯ ಇದೆ ನೋಡಿ.

ಹೆಜ್ಜೆ 3: ಮನೆಯಲ್ಲಿ ಕೌದಿ ಹಾಸಿ

ಕ್ಲಾಸಿಗೆ ಕಾಯುವ ತಿಂಗಳುಗಳಲ್ಲಿ ಮನೆಯಲ್ಲೇ ಕಲಿಸುವುದು ಬೇಕಾದಷ್ಟಿದೆ. ನಮ್ಮ ಕಡೆ ಪ್ರತಿ ಮನೆಯಲ್ಲಿ ಒಂದಾದರೂ ದಪ್ಪ ಕೌದಿ ಇರುತ್ತದೆ. ಫರಸಿ ನೆಲದ ಮೇಲೆ ಮೊದಲು ಗಾದಿ, ಅದರ ಮೇಲೆ ಕೌದಿ ಹಾಸಿ. ಕಪಾಟು, ಟೀಪಾಯಿ, ಗೋಡೆಯ ಮೂಲೆ ದೂರ ಇರಲಿ.

ಮೊದಲು ಲಟ್ಟಣಿಗೆ ಆಟ. ಕೈ ಎರಡೂ ತಲೆಯ ಮೇಲಕ್ಕೆ ಚಾಚಿ, ಮೈ ನೆಟ್ಟಗೆ ಮಾಡಿ, ಈ ಅಂಚಿನಿಂದ ಆ ಅಂಚಿಗೆ ಉರುಳುವುದು. ಗುಡಿಯಲ್ಲಿ ಉರುಳುಸೇವೆ ನೋಡಿದ ಮಗುವಿಗೆ ಹೇಳಿಕೊಡುವುದೇ ಬೇಡ. ಇದು ಸಲೀಸಾದ ಮೇಲೆ, ಮೂರರ ಆಚೆ ಈಚೆ, ಲಾಗಕ್ಕೆ ಬನ್ನಿ.

ಲಾಗದಲ್ಲಿ ಇಡೀ ಗುಟ್ಟು ಗದ್ದದಲ್ಲಿದೆ. ಎಳೆ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು. ಎರಡು ವರ್ಷದ ಮಗುವಿನ ಉದ್ದದಲ್ಲಿ ಸುಮಾರು ಐದನೇ ಒಂದು ಪಾಲು ತಲೆಯೇ. ಅದನ್ನು ಹೊರುವ ಕತ್ತು ಇನ್ನೂ ಎಳೆಯದು. ನಡುನೆತ್ತಿ ಊರಿ ಪಲ್ಟಿ ಹೊಡೆದರೆ ಮೈಭಾರವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ಅದಕ್ಕೇ ಒಂದು ಕರ್ಚೀಫ್ ಮಡಚಿ ಗದ್ದ ಮತ್ತು ಎದೆಯ ನಡುವೆ ಇಡಿ. ‘ಇದು ಬೀಳಬಾರದು, ಗಟ್ಟಿಯಾಗಿ ಹಿಡಿ’ ಎನ್ನಿ. ಗಾದಿಯ ಒಂದು ತುದಿಯ ಕೆಳಗೆ ದಿಂಬು ತುರುಕಿ ಸ್ವಲ್ಪ ಇಳಿಜಾರು ಮಾಡಿ. ಮಗು ಮೇಲಿನ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಅಂಗೈ ಎರಡೂ ಊರಿ, ಹೊಕ್ಕುಳು ನೋಡುತ್ತ ಕುಂಡೆ ಎತ್ತಬೇಕು. ನಿಮ್ಮ ಒಂದು ಕೈ ಅದರ ತಲೆಯ ಹಿಂದೆ, ಇನ್ನೊಂದು ತೊಡೆಯ ಹಿಂದೆ ಇರಲಿ. ನೀವು ದಬ್ಬಬೇಡಿ, ತಲೆ ಒಳಗೆ ಬಾಗಿರುವಂತೆ ನೋಡಿಕೊಂಡರೆ ಸಾಕು. ನೆಲಕ್ಕೆ ತಾಗುವುದು ನೆತ್ತಿಯಲ್ಲ, ಹಿಂದಲೆ ಮತ್ತು ಬೆನ್ನು. ಕರ್ಚೀಫ್ ಬಿದ್ದರೆ ಅವತ್ತು ಮತ್ತೆ ಲಟ್ಟಣಿಗೆಯೇ ಆಡಿ. ನಮ್ಮ ಮನೆಯಲ್ಲಿ ಆ ಕರ್ಚೀಫ್ ನಿಲ್ಲಲು ಹದಿನೈದು ದಿನ ಬೇಕಾಯಿತು.

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕೆಲವರಿಗೆ ಕತ್ತಿನ ಮೇಲಿನ ಎರಡು ಮೂಳೆಗಳ ಕೀಲು ಸಡಿಲ ಇರುತ್ತದೆ. ಅವರಿಗೆ ಲಾಗ ಹಾಕಿಸುವ ಮುಂಚೆ ವೈದ್ಯರನ್ನು ಕೇಳಲೇಬೇಕು. ಫಿಟ್ಸ್, ಹೃದಯದ ತೊಂದರೆ ಇದ್ದರೂ ಅಷ್ಟೇ.

ಇನ್ನೊಂದು ಮಾತು. ಎರಡೂ ಕೈ ಹಿಡಿದು ಮಗುವನ್ನು ಗಿರಗಿರ ತಿರುಗಿಸಬೇಡಿ. ಒಂದು ಮದುವೆ ಮನೆಯಲ್ಲಿ ನನ್ನ ಮಗಳನ್ನು ಅವಳ ಕಾಕಾ ಪ್ರೀತಿಯಿಂದಲೇ ಹಾಗೆ ತಿರುಗಿಸಿದರು. ಇಳಿಸಿದಾಗ ಎಡಗೈ ಜೋತು ಬಿದ್ದಿತ್ತು, ಹೋಳಿಗೆ ಕೊಟ್ಟರೂ ಆ ಕೈ ಎತ್ತಲಿಲ್ಲ. ಐದು ವರ್ಷದೊಳಗೆ ಮೊಣಕೈಯ ಮೂಳೆಯನ್ನು ಸುತ್ತಿ ಹಿಡಿದ ಪಟ್ಟಿ ಇನ್ನೂ ಸಡಿಲ. ಜಗ್ಗಿದರೆ ಮೂಳೆ ಅದರಿಂದ ಜಾರುತ್ತದೆ. ವೈದ್ಯರು ಕೈ ಹಿಡಿದು ತಿರುಗಿಸಿ ಕ್ಷಣದಲ್ಲಿ ಕೂಡಿಸಿದರು. ಎತ್ತುವಾಗ ಯಾವಾಗಲೂ ಕಂಕುಳಲ್ಲಿ ಕೈ ಹಾಕಿ ಎತ್ತಿ.

ಹೆಜ್ಜೆ 4: ಕ್ಲಾಸ್ ನೋಡಲು ಮಗುವನ್ನು ಬಿಟ್ಟು ಹೋಗಿ

ಮೊದಲ ಸಲ ನೀವೊಬ್ಬರೇ ಹೋಗಿ, ಒಂದು ಪೂರ್ತಿ ಕ್ಲಾಸ್ ಕೂತು ನೋಡಿ. ಮಗು ಜೊತೆಗಿದ್ದರೆ ನಿಮ್ಮ ಗಮನ ಅದರ ಮೇಲೇ ಇರುತ್ತದೆ.

ನೆಲ ನೋಡಿ. ಟೈಲ್ಸ್ ಮೇಲೆ ಯೋಗದ ತೆಳು ಮ್ಯಾಟ್ ಹಾಸಿದ್ದರೆ ಅದು ಲಾಗದ ಜಾಗ ಅಲ್ಲ. ನಮ್ಮ ಗರಡಿ ಮನೆಗಳಲ್ಲಿ ಪೈಲ್ವಾನರು ಕುಸ್ತಿಗೆ ಇಳಿಯುವ ಮುಂಚೆ ಮಣ್ಣು ಅಗೆದು ಹದ ಮಾಡುತ್ತಾರೆ. ಗಟ್ಟಿಮುಟ್ಟಾದ ಆಳುಗಳೇ ಬೀಳುವ ಜಾಗವನ್ನು ಅಷ್ಟು ನೋಡಿಕೊಳ್ಳುವಾಗ, ಎಳೆ ಕತ್ತಿಗೆ ಎಷ್ಟು ಬೇಕು? ಮ್ಯಾಟಿನ ಮೇಲೆ ಮುಷ್ಟಿಯಿಂದ ಒತ್ತಿ, ನೆಲ ತಾಗಬಾರದು. ಎರಡು ಮ್ಯಾಟಿನ ನಡುವೆ ಸಂದಿಯೂ ಇರಬಾರದು.

ಆಮೇಲೆ ಕೋಚ್ ಕೈ ನೋಡಿ. ಮಗು ಉರುಳುವಾಗ ಅವರ ಕೈ ಹತ್ತಿರ ಇರುತ್ತದೆಯೇ, ಫೋನಿನಲ್ಲಿ ಇರುತ್ತದೆಯೇ? ಒಬ್ಬರ ಕೈಯಲ್ಲಿ ಆರು ಪುಟ್ಟ ಮಕ್ಕಳಿಗಿಂತ ಜಾಸ್ತಿ ಇದ್ದರೆ ನಾನಂತೂ ಸೇರಿಸುವುದಿಲ್ಲ. ಕಾಲು ಅಗಲಿಸಿ ಕೂರಿಸಿ ಹೆಗಲ ಮೇಲೆ ಒತ್ತುವುದು, ಅಳುವ ಮಗುವಿಗೆ ‘ಇನ್ನ ಸ್ವಲ್ಪ, ಇನ್ನ ಸ್ವಲ್ಪ’ ಎನ್ನುವುದು ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ತಂದೆ ತಾಯಿ ಒಳಗೆ ಕೂರುವಂತಿಲ್ಲ ಎನ್ನುವ ಕಡೆಗೂ ಬೇಡ. ಪೆಟ್ಟಾದರೆ ಏನು ಮಾಡುತ್ತೀರಿ ಎಂದು ನೇರವಾಗಿ ಕೇಳಿ. ಒಳ್ಳೆಯ ಕೋಚ್‌ಗೆ ಈ ಪ್ರಶ್ನೆಯಿಂದ ಬೇಸರ ಆಗುವುದಿಲ್ಲ.

ಫೀ ತಿಂಗಳಿಗೆ ಇಷ್ಟು ಅಂತ ಕೊಡಿ. ಮೂರು ತಿಂಗಳದ್ದು ಒಟ್ಟಿಗೆ ಬೇಡ.

ಮಾಲ್‌ಗಳಲ್ಲಿ, ಜಾತ್ರೆಗಳಲ್ಲಿ ಇರುವ ಟ್ರ್ಯಾಂಪೊಲಿನ್ (ಸ್ಪ್ರಿಂಗ್‌ಗಳಿಗೆ ಬಿಗಿದ ಬಟ್ಟೆಯ ಮೇಲೆ ಹಾರುವ ಆಟ) ಬೇರೆ ವಿಷಯ. ಆರು ವರ್ಷದೊಳಗಿನ ಮಕ್ಕಳಿಗೆ ಅದು ಬೇಡ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತ ಬಂದಿದೆ. ದೊಡ್ಡವರು ಹಾರಿ ಇಳಿದಾಗ ಪಕ್ಕದ ಸಣ್ಣ ಮಗುವಿನ ಕಾಲಿನ ಕೆಳಗೆ ಬಟ್ಟೆ ಒಮ್ಮೆಲೇ ಮೇಲೆ ನುಗ್ಗುತ್ತದೆ, ಕಾಲಿನ ಮೂಳೆ ಮುರಿಯುವುದು ಹಾಗೆ.

ಹೆಜ್ಜೆ 5: ಮೊದಲ ದಿನ, ಮೊದಲ ತಿಂಗಳು

ಅಂಗನವಾಡಿ ಅಥವಾ ನರ್ಸರಿ ಶುರುವಾಗುವ ಜೂನ್‌ನಲ್ಲೇ ಇದನ್ನೂ ಶುರು ಮಾಡಬೇಡಿ. ಒಂದೇ ಸಲಕ್ಕೆ ಎರಡು ಹೊಸ ಜಾಗ ಮಗುವಿಗೆ ಜಾಸ್ತಿ ಆಗುತ್ತದೆ. ದಸರೆ ಆದ ಮೇಲೆ, ಮಳೆಯೂ ಕಡಿಮೆಯಾಗಿ ಮಗು ಶಾಲೆಗೆ ಹೊಂದಿಕೊಂಡ ಮೇಲೆ ಒಳ್ಳೆಯದು.

ಹೊರಡುವ ಮುಂಚೆ ಬಳೆ, ಕಾಲ್ಗೆಜ್ಜೆ, ಕೊರಳ ಸರ, ತಾಯತ ತೆಗೆದಿಡಿ. ಉಡದಾರ ತೆಗೆಯಲು ಮನೆಯವರು ಒಪ್ಪದಿದ್ದರೆ ಅದರಲ್ಲಿನ ತಾಯತ, ಗೆಜ್ಜೆಯನ್ನಾದರೂ ಬಿಚ್ಚಿ. ಲಾಗ ಹಾಕುವಾಗ ಅದು ಹೊಟ್ಟೆಗೆ ಒತ್ತುತ್ತದೆ. ಜುಟ್ಟು ನಡುನೆತ್ತಿಯಲ್ಲಿ ಬೇಡ, ಗಟ್ಟಿ ಕ್ಲಿಪ್ಪೂ ಬೇಡ. ಮೈಗೆ ಹತ್ತುವ ಹತ್ತಿ ಅಂಗಿ, ಚಡ್ಡಿ, ಬರಿಗಾಲು. ಊಟ ಮಾಡಿ ಒಂದೂವರೆ ತಾಸಾಗಿರಲಿ.

ಮೊದಲ ದಿನ ಮಗು ನಿಮ್ಮ ತೊಡೆ ಬಿಟ್ಟು ಏಳದೇ ಇರಬಹುದು. ಎಬ್ಬಿಸಬೇಡಿ. ಕೂತು ನೋಡುವುದೂ ಕಲಿಯುವುದೇ. ನನ್ನ ಮಗಳು ಮೂರು ವರ್ಷ ಎಂಟು ತಿಂಗಳಿಗೆ ಎರಡನೇ ಸಲ ಸೇರಿದಾಗ ಎರಡು ಕ್ಲಾಸ್ ಪೂರ್ತಿ ನನ್ನ ಮಡಿಲಲ್ಲೇ ಕೂತಿದ್ದಳು. ಕೋಚ್ ಒಂದು ಸಲವೂ ಕರೆಯಲಿಲ್ಲ. ಮೂರನೇ ದಿನ ಅವರು ಮಕ್ಕಳಿಗೆ ಗದ್ದ ಒಳಗೆ ಎಳೆಯಲು ಹೇಳುತ್ತಿದ್ದಾಗ ಇವಳು ಎದ್ದು ಹೋಗಿ, ‘ಸರ್, ನನ್ನ ಕಡೆ ಕರ್ಚೀಫ್ ಐತಿ’ ಎಂದಳು.