ಹನಿ ಹನಿಯಾಗಿ ಪಿಡಿ-1: ಪುಣೆಯ ಭೋಸರಿಯ ಶೀತಕೋಣೆಯಲ್ಲಿ ನನ್ನ ಅನುಭವ

ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ನಮ್ಮ ಪಿಡಿ-1, ಅಂದರೆ ರೋಗನಿರೋಧಕ ಟಿ ಕೋಶಗಳಿಗೆ ಕಡಿವಾಣ ಹಾಕುವ ಪ್ರೋಟೀನ್, ಕಳೆದ ತಿಂಗಳು ಕ್ಯಾನ್ಸರ್ ಕೋಶಗಳಿಗೆ ಅಂಟಿತು. ಎರಡು ವರ್ಷ "ಸಸ್ತನಿ ಕೋಶವಿಲ್ಲದೆ ಇದು ಆಗದ ಮಾತು" ಎನ್ನುತ್ತಿದ್ದವರೇ ಈಗ, ಕೋಶಗಳ ಮೇಲಿನ ಹೊಳಪು ಅಳೆಯುವ ಫ್ಲೋ ಸೈಟೋಮೀಟರಿನ ಚಿತ್ರ ಕಳಿಸಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ದಾರಿ ಹಿಡಿಸಿದ್ದು ಹಣದ ತಾಪತ್ರಯ. ಹೊರದೇಶದಿಂದ ತರಿಸಿದರೆ 100 ಮೈಕ್ರೋಗ್ರಾಂಗೆ ಸುಂಕ ಸೇರಿ 40 ಸಾವಿರದ ಆಸುಪಾಸು. ಒಂದು ಪೊಟ್ಟಣ ಮುಂಬೈಯಲ್ಲೇ ನಾಲ್ಕು ದಿನ ಕುಳಿತು, ಡ್ರೈ ಐಸ್ ಪೂರ್ತಿ ಆವಿಯಾದ ಮೇಲೆ ನಮ್ಮ ಕೈಸೇರಿತು. ಎಚ್‌ಇಕೆ 293 ಎಂಬ ಮಾನವ ಕೋಶಗಳಲ್ಲೂ ಎರಡು ಸಲ ಬೆಳೆಸಿದೆವು. ಕೋಶ ಬೆಳೆಸುವ ಪೋಷಕ ದ್ರಾವಣಕ್ಕೇ ಸುಮಾರು ಅರವತ್ತು ಸಾವಿರ ಸುರಿದೆವು. ಎರಡನೆಯ ಬ್ಯಾಚ್ ಒಂದು ಗುರುವಾರ ಸತ್ತಿತು. ಪುಣೆಯಲ್ಲಿ ಕೆಲಸ ಮಾಡುವವರಿಗೆ ಗುರುವಾರದ ದುರಸ್ತಿ, ಕರೆಂಟ್ ಕಡಿತದ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಜನರೇಟರ್ ಅಂದೇ ಕೈಕೊಟ್ಟಿತ್ತು.

ಹೀಗಾಗಿ ಇನ್‌ಕ್ಲೂಷನ್ ಬಾಡಿಗಳಿಗೆ, ಅಂದರೆ ಬ್ಯಾಕ್ಟೀರಿಯಾದೊಳಗೆ ಸರಿಯಾಗಿ ಮಡಚಿಕೊಳ್ಳದ ಪ್ರೋಟೀನಿನ ಉಂಡೆಗಳಿಗೆ ಬಂದೆವು. ಅವನ್ನು ಕರಗಿಸಿ ಪ್ರೋಟೀನನ್ನು ಮತ್ತೆ ಸರಿಯಾದ ಆಕಾರಕ್ಕೆ ಮಡಿಸಬೇಕು. ಪಿಡಿ-1ರಲ್ಲಿ ಕೋಶದ ಹೊರಗಿರುವ ಒಂದೇ ಭಾಗ (ಡೊಮೇನ್), 93ನೆಯ ಅಮೈನೋ ಆಮ್ಲವಾದ ಸಿಸ್ಟೀನ್ ಬದಲು ಸೆರೀನ್, ತುದಿಗೆ ಬಯೋಟಿನ್ ಅಂಟಿಸಲು ಏವಿ ಟ್ಯಾಗ್ ಎಂಬ ಚಿಕ್ಕ ತುಣುಕು. ಆ ಸಿಸ್ಟೀನಿಗೆ ಜೋಡಿ ಇಲ್ಲ. ಬಿಟ್ಟರೆ ಎರಡೆರಡು ಅಣುಗಳು ಕೈಹಿಡಿದು, ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ಲಿನಲ್ಲಿ ದುಪ್ಪಟ್ಟು ತೂಕದ ಪಟ್ಟಿ ತೋರಿಸುತ್ತವೆ. ಇದು ತಿಳಿಯಲು ನಾನು ಮೂರು ತಿಂಗಳು ಕಳೆದೆ.

ಮಡಿಸುವ ಹಂತದಲ್ಲೇ ಹೆಚ್ಚು ಸೋತದ್ದು. ಮೊದಲ ಸಲ ಯೂರಿಯಾದಲ್ಲಿ ಕರಗಿಸಿದ್ದನ್ನು ಮಡಿಸುವ ದ್ರಾವಣಕ್ಕೆ ಒಂದೇ ಬಾರಿಗೆ ಸುರಿದೆ. ಜೊತೆಗಿದ್ದ ವಿಜಯಪುರದ ಹುಡುಗ ಬೀಕರ್ ಎತ್ತಿ ಹಿಡಿದು, "ಅಕ್ಕಾ, ಇದು ಮಜ್ಜಿಗೆಯಾಯಿತು" ಎಂದ. ನಿಜಕ್ಕೂ ಹಾಗೇ ಇತ್ತು. ಒಳ್ಳೆಯ ಪಂಪಿಗೆ ದುಡ್ಡಿರಲಿಲ್ಲ. ಅವನೇ ಔಷಧದ ಅಂಗಡಿಯಿಂದ ಮಕ್ಕಳಿಗೆ ಸಲೈನ್ ಕೊಡುವ ಮೈಕ್ರೋ ಡ್ರಿಪ್ ಸೆಟ್ ತಂದ. ಒಂದು ಮಿಲಿಲೀಟರಿಗೆ ಅರವತ್ತು ಹನಿ. ಶೀತಕೋಣೆಯ ಮೊಳೆಗೆ ನೇತುಹಾಕಿ, ನಿಮಿಷಕ್ಕೆ ಮೂರು ನಾಲ್ಕು ಹನಿ ಬೀಳುವಂತೆ ಚಕ್ರ ಬಿಗಿದೆವು. ಕೆಳಗೆ, ಪ್ರೋಟೀನ್ ಮುದ್ದೆಯಾಗದಂತೆ ತಡೆಯುವ ಅರ್ಜಿನಿನ್ ದ್ರಾವಣ ಮೆಲ್ಲಗೆ ಸುತ್ತುತ್ತಿತ್ತು. ಹನಿ ಬಿದ್ದಲ್ಲಿ ಸಣ್ಣ ಬಿಳಿ ಎಳೆಯೊಂದು ಮೂಡಿ, ಒಂದು ಸುತ್ತು ತಿರುಗುವಷ್ಟರಲ್ಲಿ ಕರಗುತ್ತಿತ್ತು. ಆರು ಗಂಟೆಯಾದರೂ ದ್ರಾವಣ ತಿಳಿಯಾಗಿಯೇ ಉಳಿಯಿತು. ಸ್ವೆಟರ್ ಹಾಕಿಕೊಂಡು ನೋಡುತ್ತಾ ನಿಂತಿದ್ದೆವು.

ಅರ್ಜಿನಿನ್ ಹೈಡ್ರೋಕ್ಲೋರೈಡ್ 0.4 ಮೋಲಾರ್, ಲೀಟರಿಗೆ ಎಂಬತ್ತು ಚಿಲ್ಲರೆ ಗ್ರಾಂ. ಕಿಲೋ ಲೆಕ್ಕದಲ್ಲಿ ಕೊಂಡರೆ ಹನ್ನೊಂದು ಹನ್ನೆರಡು ಲೀಟರಿಗೆ ಬರುತ್ತದೆ. ಸಣ್ಣ ಬಾಟಲಿ ಕೊಳ್ಳಲೇಬೇಡಿ. ಸಿಸ್ಟೀನುಗಳು ಸರಿಯಾಗಿ ಜೋಡಿಯಾಗಲು ನೆರವಾಗುವ ಗ್ಲುಟಥಯೋನಿನ ಎರಡು ರೂಪಗಳ ಅನುಪಾತ ಮತ್ತು ಪಿಎಚ್ ಅನ್ನು ಯಾವಾಗ ಇಳಿಸಬೇಕೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹದಿನೇಳು ಸಲ ಕೆಡಿಸಿಕೊಂಡು ಕಲಿತದ್ದು ಅದು. ಒಂದು ಲೀಟರ್ ಬ್ಯಾಕ್ಟೀರಿಯಾ ಬೆಳೆಯಿಂದ ಈಗ ಎಂಟು ಹತ್ತು ಮಿಲಿಗ್ರಾಂ ಸಿಗುತ್ತಿದೆ.

ಪ್ರೋಟೀನ್ ಸಿಕ್ಕಿದ ಮೇಲೂ ನೆಮ್ಮದಿ ಸಿಗಲಿಲ್ಲ. ರಕ್ತದ ಬಿಳಿ ಕೋಶಗಳಿಗೆ ಹಾಕಿದರೆ ಉರಿಯೂತದ ಸಂಕೇತವಾದ ಟಿಎನ್‌ಎಫ್ ಏರುತ್ತಿತ್ತು. ಪಿಡಿ-1 ಹಾಗೆ ಮಾಡಬಾರದು. ಹತ್ತು ನಿಮಿಷ ಕುದಿಸಿ ಹಾಕಿದೆ, ಆಗಲೂ ಏರಿತು. ಕುದಿಸಿದರೆ ಪ್ರೋಟೀನ್ ಕೆಡುತ್ತದೆ, ಇ. ಕೋಲೈಯ ಹೊರಪದರದ ವಿಷವಾದ ಎಂಡೋಟಾಕ್ಸಿನ್ ಜಗ್ಗುವುದಿಲ್ಲ. ಎಂಡೋಟಾಕ್ಸಿನನ್ನು ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ ಹಾಕಿದಾಗ ಇಳಿಯಿತು, ಅನುಮಾನ ಖಚಿತವಾಯಿತು. ಶೇಕಡಾ ಒಂದರಷ್ಟು ಟ್ರೈಟಾನ್ ಎಕ್ಸ್-114 ಎಂಬ ಮಾರ್ಜಕ ಬೆರೆಸಿ ಐಸಿನಲ್ಲಿ ಕಲಕಿ, 37 ಡಿಗ್ರಿಗೆ ಒಯ್ದರೆ ಮೋಡ ಕವಿದಂತಾಗುತ್ತದೆ. ಬೆಚ್ಚಗಿರುವಾಗಲೇ ಸೆಂಟ್ರಿಫ್ಯೂಜ್ ಮಾಡಿದರೆ ಎಂಡೋಟಾಕ್ಸಿನ್ ಹೊತ್ತ ಎಣ್ಣೆಯಂಥ ಪದರ ತಳಕ್ಕಿಳಿಯುತ್ತದೆ. ಮೂರು ಸಲ ಹೀಗೆ ಮಾಡಿದ ಮೇಲೆ ಮೈಕ್ರೋಗ್ರಾಂಗೆ ನಲವತ್ತರಷ್ಟಿದ್ದ ಎಂಡೋಟಾಕ್ಸಿನ್ ಘಟಕ 0.1ಕ್ಕೂ ಕೆಳಗಿಳಿಯಿತು.

ನಡುವೆ ಸಿಡಿ47 ಎಂಬ ಇನ್ನೊಂದು ಪ್ರೋಟೀನನ್ನೂ ಇದೇ ರೀತಿ ಮಡಿಸಲು ಹೋಗಿದ್ದೆ. ಅದರ ತುದಿಯ ಗ್ಲುಟಮಿನ್ ಎಂಬ ಅಮೈನೋ ಆಮ್ಲ ಉಂಗುರವಾಗಿ ಸುತ್ತಿಕೊಂಡು ಪೈರೋಗ್ಲುಟಮೇಟ್ ಆಗಬೇಕು. ಬ್ಯಾಕ್ಟೀರಿಯಾ ಅದರ ಮುಂದೆ ಮೆಥಿಯೋನಿನ್ ಕೂರಿಸಿಬಿಡುತ್ತದೆ. ಎರಡು ವಾರ ಹೋಯಿತು, ಕೈಬಿಟ್ಟೆ. ಮಳೆಗಾಲದ ನಂತರ ಮತ್ತೆ ನೋಡುತ್ತೇನೆ.

ಮೊದಲ ಫ್ಲೋ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. "ಸರಿಯಾಗಿ ಮಡಚಿಲ್ಲ" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ತೀರ್ಪು ಕೊಟ್ಟೇಬಿಟ್ಟರು. ಆದರೆ ಪಿಡಿ-1 ಹಿಡಿಯುವ ಪ್ರತಿಕಾಯವಾದ ಪೆಂಬ್ರೊಲಿಝುಮ್ಯಾಬ್ ನಮ್ಮ ಪ್ರೋಟೀನನ್ನು ಎಲೈಸಾ ಪರೀಕ್ಷೆಯಲ್ಲಿ ಗಟ್ಟಿಯಾಗಿ ಹಿಡಿದಿತ್ತು, ಅಂದರೆ ತೊಂದರೆ ಮಡಿಕೆಯದಲ್ಲ. ಪಿಡಿ-1 ಮತ್ತು ಕ್ಯಾನ್ಸರ್ ಕೋಶಗಳ ಮೇಲೆ ಅದು ಅಂಟುವ ಪಿಡಿ-ಎಲ್1 ನಡುವಿನ ಹಿಡಿತವೇ ಸಡಿಲ, ಮೈಕ್ರೋಮೋಲಾರ್ ಮಟ್ಟದ್ದು. ಒಂಟಿ ಅಣು ತೊಳೆಯುವಾಗಲೇ ಕಳಚಿ ಹೋಗುತ್ತದೆ. ಏವಿ ಟ್ಯಾಗಿಗೆ ಬಯೋಟಿನ್ ಸೇರಿಸಿ, ಬಯೋಟಿನನ್ನು ಹಿಡಿಯುವ, ಹೊಳೆಯುವ ಸ್ಟ್ರೆಪ್ಟಾವಿಡಿನ್-ಪಿಇಯನ್ನು ಹತ್ತು ಪಾಲು ಮಾಡಿ ಹತ್ತು ಹತ್ತು ನಿಮಿಷಕ್ಕೊಮ್ಮೆ ಹಾಕಿ ಟೆಟ್ರಾಮರ್, ಅಂದರೆ ನಾಲ್ಕು ಅಣುಗಳ ಗೊಂಚಲು ಕಟ್ಟಿದೆ. ಪಿಡಿ-ಎಲ್1 ಹೇರಳವಾಗಿರುವ ಎಂಡಿಎ-ಎಂಬಿ-231 ಎಂಬ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಗೆರೆ ಸ್ಪಷ್ಟವಾಗಿ ಬಲಕ್ಕೆ ಸರಿಯಿತು, ಅಂದರೆ ಅಂಟಿತು. ಪಿಡಿ-ಎಲ್1 ತಡೆಯುವ ಪ್ರತಿಕಾಯ ಹಾಕಿದಾಗ ಮತ್ತೆ ಎಡಕ್ಕೆ ಬಂತು. ಅಂದು ರಾತ್ರಿ ಧಾರವಾಡದ ಮನೆಗೆ ಫೋನ್ ಮಾಡಿ ಅಪ್ಪನಿಗೂ ಹೇಳಿದೆ.

ನಮ್ಮ ಸಂಬಳ ಬಿಟ್ಟು ಲೆಕ್ಕ ಹಾಕಿದರೆ ಒಂದು ಮಿಲಿಗ್ರಾಂಗೆ ಎರಡು ಸಾವಿರದೊಳಗೇ ಬೀಳುತ್ತಿದೆ. ತೀರ್ಪು ಕೊಟ್ಟಿದ್ದ ಅದೇ ಹಿರಿಯರು ಮೊನ್ನೆ 500 ಮೈಕ್ರೋಗ್ರಾಂ ಕೇಳಿದ್ದಾರೆ. ಸಂತೋಷದಿಂದ ಕೊಡುತ್ತೇನೆ. ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ್ದರಿಂದ ನಮ್ಮದರಲ್ಲಿ ಸಕ್ಕರೆ ಸರಪಳಿಗಳಿಲ್ಲ. ಕ್ಯಾಮ್ರೆಲಿಝುಮ್ಯಾಬ್ ಪಿಡಿ-1ರ 58ನೆಯ ಅಮೈನೋ ಆಮ್ಲವಾದ ಆಸ್ಪರಜಿನ್ ಮೇಲಿನ ಸಕ್ಕರೆಯನ್ನೂ ಹಿಡಿಯುವ ಪ್ರತಿಕಾಯ, ಅದರ ಜೊತೆ ಬಳಸಬೇಡಿ ಎಂದು ಟ್ಯೂಬಿನ ಮೇಲೆ ಚೀಟಿ ಅಂಟಿಸಿದ್ದೇನೆ.