ಮನೆ ಕೊಂಡರೆ ವೀಸಾ ಬರೋಲ್ಲ: ಸ್ವಂತ ಕೆಲಸದವರು ಪೋರ್ಚುಗಲ್‌ಗೆ ಬರುವ ದಾರಿ

ನಾನು ಸಬ್‌ಟೈಟಲ್ ಮಾಡುವವಳು. ತಿಂಗಳ ಸಂಬಳ ಅಂತ ಒಂದಿಲ್ಲ. ಮೂರು ದೇಶಗಳಲ್ಲಿ ಮೂರು ಕ್ಲೈಂಟ್‌ಗಳಿದ್ದಾರೆ. ಬಿಲ್ ಕಳಿಸಬೇಕು, ಕಾಯಬೇಕು, ಮತ್ತೆ ನೆನಪಿಸಬೇಕು. 2023ರ ಜೂನ್‌ನಿಂದ ಪೋರ್ಚುಗಲ್‌ನ ಕೊಯಿಂಬ್ರಾದಲ್ಲಿದ್ದೇನೆ. ಮೊದಲು ಬಾಡಿಗೆ ಮನೆ, 2025ರ ಕೊನೆಯಿಂದ ಸ್ವಂತದ್ದು. "ನಾವೂ ಬರಬೇಕು, ಹೇಗೆ?" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಅವರಲ್ಲಿ ಅರ್ಧಕ್ಕರ್ಧ ಜನ ಕೇಳುವ ಮೊದಲ ಪ್ರಶ್ನೆಯೇ "ಅಲ್ಲಿ ಮನೆ ಎಷ್ಟಕ್ಕೆ ಸಿಗುತ್ತೆ?" ಅನ್ನೋದು. ಅದು ಮೂರನೇ ಪ್ರಶ್ನೆ ಆಗಬೇಕು.

ನನಗೂ ಈ ಪಾಠ ಸುಮ್ನೆ ಬಂದದ್ದಲ್ಲ. 2023ರ ಜನವರಿಯಲ್ಲಿ ಒಬ್ಬ ಏಜೆಂಟ್ ವಿಡಿಯೊ ಕರೆಯಲ್ಲಿ ಒಂದು ಫ್ಲಾಟ್ ತೋರಿಸಿದ. 1,80,000 ಯೂರೊ. "ಮನೆ ನಿಮ್ಮ ಹೆಸರಲ್ಲಿದ್ದರೆ ವೀಸಾ ತಾನಾಗಿ ಬರುತ್ತೆ ಮೇಡಂ" ಅಂದ. ಮುಂಗಡ ಕಟ್ಟುವ ಹಂತಕ್ಕೆ ಹೋಗಿದ್ದೆ. ಹಣ ಹೂಡುವವರಿಗೆ ಕೊಡುವ ಗೋಲ್ಡನ್ ವೀಸಾಕ್ಕೆ ಆಗ ಸಾಮಾನ್ಯವಾಗಿ 5 ಲಕ್ಷ ಯೂರೊ ಆಸ್ತಿ ಬೇಕಿತ್ತು. ಕೆಲವು ಬಗೆಯ ಆಸ್ತಿಗೆ ಮಾತ್ರ ಅದಕ್ಕಿಂತ ಕಡಿಮೆ. 1,80,000ಕ್ಕೆ ಏನೂ ಸಿಗುತ್ತಿರಲಿಲ್ಲ. ಆಮೇಲೆ 2023ರ ಅಕ್ಟೋಬರ್‌ನಲ್ಲಿ ಆ ದಾರಿಯನ್ನೇ ಮುಚ್ಚಿದರು. ಇವತ್ತು ಪೋರ್ಚುಗಲ್‌ನಲ್ಲಿ ನೀವು ಅರಮನೆ ಕೊಂಡರೂ ಅದರಿಂದ ವೀಸಾ ಹುಟ್ಟುವುದಿಲ್ಲ. ಗೋಲ್ಡನ್ ವೀಸಾ ಅನ್ನೋದು ಈಗಲೂ ಇದೆ, ಆದರೆ ಅದು 5 ಲಕ್ಷ ಯೂರೊ ಹೂಡಿಕೆ ಫಂಡ್‌ನಂಥವುಗಳಿಗೆ. ನಮ್ಮಂಥವರ ಮಾತಲ್ಲ.

ನಿಮಗೆ ಯಾವ ವೀಸಾ?

ಮೂರು ಹೆಸರು ಕೇಳಿಬರುತ್ತೆ. ಡಿ7 ಅನ್ನೋದು ಕೂತಲ್ಲಿ ಹಣ ಬರುವವರಿಗೆ: ಪಿಂಚಣಿ, ಬಾಡಿಗೆ, ಡಿವಿಡೆಂಡ್. ಡಿ2 ಇಲ್ಲೇ ವ್ಯಾಪಾರ ತೆರೆಯುವವರಿಗೆ, ಇಲ್ಲಿನ ಗಿರಾಕಿಗಳಿಗೆ ಕೆಲಸ ಮಾಡಿಕೊಡುವವರಿಗೆ. ಡಿ8 ಪೋರ್ಚುಗಲ್‌ನ ಹೊರಗಿನ ಕ್ಲೈಂಟ್‌ಗಳಿಗೆ ದೂರದಿಂದ ಕೆಲಸ ಮಾಡುವವರಿಗೆ. ಇದು 2022ರ ಅಕ್ಟೋಬರ್ ಕೊನೆಯಲ್ಲಿ ಶುರುವಾಯಿತು. ಡಿಸೈನರ್, ಕೋಡ್ ಬರೆಯುವವರು, ಅನುವಾದಕರು ಹೆಚ್ಚಾಗಿ ಇದರಲ್ಲೇ ಬರುತ್ತಾರೆ. ಡಿ8ರಲ್ಲೂ ಎರಡು ಬಗೆ ಇದೆ. ಒಂದು ವರ್ಷದವರೆಗಿನ ತಾತ್ಕಾಲಿಕ ವೀಸಾ ಒಂದು, ವಾಸದ ಪರವಾನಗಿಗೆ ದಾರಿ ಮಾಡಿಕೊಡುವ ವೀಸಾ ಇನ್ನೊಂದು. ಇಲ್ಲೇ ನೆಲೆ ನಿಲ್ಲುವ ಯೋಚನೆ ಇದ್ದರೆ ಎರಡನೆಯದನ್ನೇ ಕೇಳಿ. ಅರ್ಜಿ ಫಾರ್ಮ್‌ನಲ್ಲಿ ತಪ್ಪು ಚೌಕಕ್ಕೆ ಟಿಕ್ ಹಾಕಿ ಒಂದು ವರ್ಷಕ್ಕೆ ವಾಪಸ್ ಹೋದವರನ್ನು ನೋಡಿದ್ದೇನೆ.

ಡಿ8ರ ಮುಖ್ಯ ಷರತ್ತು: ಹಿಂದಿನ ಮೂರು ತಿಂಗಳ ಸರಾಸರಿ ಆದಾಯ ಪೋರ್ಚುಗಲ್‌ನ ಕನಿಷ್ಠ ವೇತನದ ನಾಲ್ಕು ಪಟ್ಟು ಇರಬೇಕು. ಕನಿಷ್ಠ ವೇತನ ಪ್ರತಿ ಜನವರಿಯಲ್ಲಿ ಏರುತ್ತೆ, ಅದರ ಜೊತೆ ಈ ಗೆರೆಯೂ ಏರುತ್ತೆ. 2023ರಲ್ಲಿ ಅದು 3,040 ಯೂರೊ. 2025ರಲ್ಲಿ 3,480. 2026ರಲ್ಲಿ 3,680. ಡಿಸೆಂಬರ್‌ನಲ್ಲಿ ಲೆಕ್ಕ ಹಾಕಿ ಜನವರಿಯಲ್ಲಿ ಅರ್ಜಿ ಕೊಡುವವರು ಇಲ್ಲಿ ಎಡವುತ್ತಾರೆ.

ಸಂಬಳದವರಿಗೆ ಇದು ಸಲೀಸು. ನಮಗೆ ಒಂದು ತಿಂಗಳು ಹಬ್ಬ, ಇನ್ನೊಂದು ತಿಂಗಳು ಉಪವಾಸ. ನನ್ನ ಅಂಕಿಗಳನ್ನೇ ನೋಡಿ. 2022ರ ಅಕ್ಟೋಬರ್‌ನಲ್ಲಿ ಕೈಗೆ ಬಂದದ್ದು 2,100 ಯೂರೊ. ನವೆಂಬರ್‌ನಲ್ಲಿ 2,400, ಡಿಸೆಂಬರ್‌ನಲ್ಲಿ 4,300. ಮೂರರ ಸರಾಸರಿ 2,933. ಗೆರೆಗಿಂತ ನೂರು ಚಿಲ್ಲರೆ ಕಡಿಮೆ! ಜನವರಿಯಲ್ಲೇ ಅರ್ಜಿ ಕೊಟ್ಟಿದ್ದರೆ ಮುಗೀತು ಕಥೆ. ಒಂದು ತಿಂಗಳು ಕಾದೆ. ಜನವರಿಯಲ್ಲಿ 3,100 ಬಂತು. ಅಕ್ಟೋಬರ್ ಲೆಕ್ಕದಿಂದ ಆಚೆ ಹೋಯಿತು. ಹೊಸ ಸರಾಸರಿ 3,266. ಫೆಬ್ರವರಿಯಲ್ಲಿ ಅರ್ಜಿ ಹಾಕಿದೆ. ಆದ್ದರಿಂದ ಮೊದಲು ಒಂದು ವರ್ಷದ ಜಮೆಗಳನ್ನು ಸಾಲಾಗಿ ಬರೆದುಕೊಳ್ಳಿ. ಯಾವ ಮೂರು ತಿಂಗಳು ಗಟ್ಟಿಯಾಗಿವೆ ನೋಡಿ. ಬಾಕಿ ಇಟ್ಟುಕೊಂಡ ಕ್ಲೈಂಟ್ ಇದ್ದರೆ ಬೆನ್ನು ಹತ್ತಿ ವಸೂಲಿ ಮಾಡಿ, ಆಮೇಲೆ ಅರ್ಜಿ.

ಇನ್ನೊಂದು ಚಿಕ್ಕ ಕೆಲಸ ಮಾಡಿದೆ, ಬಹಳ ಉಪಯೋಗಕ್ಕೆ ಬಂತು. ಒಂದೇ ಹಾಳೆಯಲ್ಲಿ ನಾಲ್ಕು ಕಾಲಂ: ಇನ್‌ವಾಯ್ಸ್ ಸಂಖ್ಯೆ, ಕ್ಲೈಂಟ್ ಹೆಸರು, ಮೊತ್ತ, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಅದು ಯಾವ ಪುಟದ ಎಷ್ಟನೇ ಸಾಲು. ಅರ್ಜಿ ನೋಡುವವರಿಗೆ ನಮ್ಮ ಸ್ಟೇಟ್‌ಮೆಂಟ್ ಅಂದ್ರೆ ಕಾಡು. ದಾರಿ ನಾವೇ ಕಡಿದು ಕೊಡಬೇಕು. ಇದರ ಜೊತೆ ಕ್ಲೈಂಟ್‌ಗಳ ಒಪ್ಪಂದ ಪತ್ರ, ನಿಮ್ಮ ದೇಶದಲ್ಲಿ ತೆರಿಗೆ ಕಟ್ಟುತ್ತಿರುವ ಪುರಾವೆ, ಪೊಲೀಸ್ ಕ್ಲಿಯರೆನ್ಸ್, ವಿಮೆ, ಉಳಿತಾಯ, ಮತ್ತೆ ಪೋರ್ಚುಗಲ್‌ನಲ್ಲಿ ಉಳಿಯುವ ಜಾಗದ ಪುರಾವೆ ಬೇಕು. ಜನ ಸಿಕ್ಕಿಹಾಕಿಕೊಳ್ಳುವುದು ಈ ಕೊನೆಯದರಲ್ಲಿ.

ಬಾಡಿಗೆ ಕರಾರು

ಕೊಯಿಂಬ್ರಾ ವಿಶ್ವವಿದ್ಯಾಲಯದ ಊರು. ಮಾಲೀಕರಿಗೆ ವಿದ್ಯಾರ್ಥಿಗಳೇ ಇಷ್ಟ, ಓದಿನ ವರ್ಷಕ್ಕೆ ತಕ್ಕಂತೆ ಹತ್ತು ತಿಂಗಳಿಗೆ ಕೊಡುತ್ತಾರೆ. ನಾನು ಮೊದಲು ಮಾತಾಡಿದ ಮಾಲೀಕರೂ ಹತ್ತು ತಿಂಗಳೇ ಅಂದರು. ಮೇಲಾಗಿ "ಫಿನಾನ್ಸಾಸ್‌ಗೆ ತಿಳಿಸುವುದು ಬೇಡ" ಅಂದರು. ಫಿನಾನ್ಸಾಸ್ ಅಂದ್ರೆ ಇಲ್ಲಿನ ತೆರಿಗೆ ಇಲಾಖೆ. ಮಾಲೀಕರು ಕರಾರನ್ನು ಅಲ್ಲಿ ದಾಖಲಿಸಿ, ಒಂದು ತಿಂಗಳ ಬಾಡಿಗೆಯ ಶೇ. 10ರಷ್ಟು ಸ್ಟಾಂಪ್ ತೆರಿಗೆ ಕಟ್ಟಬೇಕು. ವೀಸಾಕ್ಕೆ ತೋರಿಸಲು ಹತ್ತು ತಿಂಗಳ ಕರಾರಾಗಲಿ, ದಾಖಲಾಗದ ಕರಾರಾಗಲಿ ನಮಗೆ ಉಪಯೋಗವಿಲ್ಲ. ಕಳಿಸಿದ್ದ ಒಂದು ತಿಂಗಳ ಮುಂಗಡ ಬಿಟ್ಟುಕೊಟ್ಟು ಬೇರೆ ಮನೆ ಹುಡುಕಿದೆ. ದುಡ್ಡು ಕಳಿಸುವ ಮೊದಲೇ ಎರಡು ಪ್ರಶ್ನೆ ಕೇಳಿ: ಹನ್ನೆರಡು ತಿಂಗಳಿಗೆ ಕೊಡ್ತೀರಾ? ಫಿನಾನ್ಸಾಸ್‌ನಲ್ಲಿ ದಾಖಲಿಸ್ತೀರಾ? ಎರಡಕ್ಕೂ ಹೌದು ಅನ್ನದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಇಲ್ಲಿ ಜಾಮೀನುದಾರರಿಲ್ಲದ ವಿದೇಶಿಯರನ್ನು ಜಾಸ್ತಿ ತಿಂಗಳ ಮುಂಗಡ ಕೇಳುವುದೂ ಉಂಟು. ಚೌಕಾಸಿ ಮಾಡಿ.

ಇದಕ್ಕೂ ಮುಂಚೆ ನಿಫ್ ಬೇಕು. ಅದು ಒಂಬತ್ತು ಅಂಕಿಯ ತೆರಿಗೆ ಸಂಖ್ಯೆ. ಅದಿಲ್ಲದೆ ಬಾಡಿಗೆ ಕರಾರು, ಕರೆಂಟು, ಬ್ಯಾಂಕ್ ಖಾತೆ ಯಾವುದೂ ಸಾಗೋದಿಲ್ಲ. ನಾನು ಹೊರಗಿದ್ದಾಗಲೇ ಇಲ್ಲಿನ ಒಬ್ಬ ವಕೀಲರನ್ನು ಪ್ರತಿನಿಧಿ ಮಾಡಿಕೊಂಡು ತೆಗೆದುಕೊಂಡೆ. ಒಂದು ತಮಾಷೆ ಗೊತ್ತಾ? ಫಿನಾನ್ಸಾಸ್ ಪೋರ್ಟಲ್‌ನ ಪಾಸ್‌ವರ್ಡ್ ಕಾಗದದ ಪತ್ರದಲ್ಲಿ, ಅಂಚೆಯಲ್ಲಿ ಬರುತ್ತೆ. ನನ್ನದು ವಕೀಲರ ಕಚೇರಿಗೆ ಹೋಗಿ ಮೂರು ವಾರ ಮೇಜಿನ ಮೇಲೆ ಕೂತಿತ್ತು.

ಬಂದ ಮೇಲೆ

ವೀಸಾ ನಾಲ್ಕು ತಿಂಗಳಿಗೆ ಕೊಡುತ್ತಾರೆ, ಎರಡು ಸಲ ಒಳಬರಬಹುದು. ಅಷ್ಟರಲ್ಲಿ ಇಲ್ಲಿ ಅಪಾಯಿಂಟ್‌ಮೆಂಟ್‌ಗೆ ಹೋಗಿ ಬೆರಳಚ್ಚು ಕೊಟ್ಟರೆ ಎರಡು ವರ್ಷದ ವಾಸದ ಕಾರ್ಡ್, ಆಮೇಲೆ ಮೂರು ವರ್ಷಕ್ಕೆ ನವೀಕರಣ. ಇದು ಪುಸ್ತಕದ ಮಾತು. 2023ರ ಅಕ್ಟೋಬರ್ 29ಕ್ಕೆ ಹಳೆ ವಲಸೆ ಇಲಾಖೆ ಎಸ್‌ಇಎಫ್ ಹೋಗಿ, ಅದರ ಜಾಗಕ್ಕೆ ಐಮಾ ಅನ್ನುವ ಹೊಸ ಇಲಾಖೆ ಬಂತು. ಜೊತೆಗೆ ಲಕ್ಷಗಟ್ಟಲೆ ಬಾಕಿ ಅರ್ಜಿಗಳೂ ಬಂದವು. ನಾನು ಬೆರಳಚ್ಚು ಕೊಟ್ಟದ್ದು ಎಸ್‌ಇಎಫ್‌ಗೆ, ಕಾರ್ಡ್ ಬಂದದ್ದು ಐಮಾದಿಂದ. ಕಾಯುವಾಗ ಪ್ರಯಾಣ ಇಟ್ಟುಕೊಳ್ಳಬೇಡಿ. ಕಾರ್ಡ್ ಸಿಕ್ಕ ಮೇಲೂ ಅದರ ಅವಧಿಯಲ್ಲಿ ಒಟ್ಟಿಗೆ ಆರು ತಿಂಗಳು, ಅಥವಾ ಬಿಡಿಬಿಡಿಯಾಗಿ ಎಂಟು ತಿಂಗಳಿಗಿಂತ ಜಾಸ್ತಿ ಸರಿಯಾದ ಕಾರಣವಿಲ್ಲದೆ ದೇಶದ ಹೊರಗಿದ್ದರೆ ಕಾರ್ಡ್‌ಗೇ ಕುತ್ತು.

ತೆರಿಗೆಯ ವಿಷಯ. ಫಿನಾನ್ಸಾಸ್ ಪೋರ್ಟಲ್‌ನಲ್ಲಿ "ಚಟುವಟಿಕೆ ತೆರೆದ", ಅಂದರೆ ಸ್ವಂತ ಕೆಲಸ ಅಂತ ನೋಂದಾಯಿಸಿಕೊಂಡ ದಿನದಿಂದ ನೀವು ಬಿಲ್ ಕೊಡಬಹುದು. ಈ ಬಿಲ್‌ಗೆ ಹಸಿರು ರಸೀದಿ ಅನ್ನುತ್ತಾರೆ, ರೆಸಿಬು ವೆರ್ಡ್. ಈಗ ಹಸಿರೂ ಇಲ್ಲ, ಕಾಗದವೂ ಇಲ್ಲ, ಎಲ್ಲಾ ಆನ್‌ಲೈನ್. ಹೊರದೇಶದ ಕಂಪನಿಗೆ ಬಿಲ್ ಮಾಡುವಾಗ ಇಲ್ಲಿನ ಮೌಲ್ಯವರ್ಧಿತ ತೆರಿಗೆ ಹಾಕುವುದಿಲ್ಲ, ಆದರೆ ಯಾಕೆ ಹಾಕಿಲ್ಲ ಅನ್ನುವ ಕಾರಣವನ್ನು ಪಟ್ಟಿಯಿಂದ ಸರಿಯಾಗಿ ಆರಿಸಬೇಕು. ನನ್ನ ಮೊದಲ ರಸೀದಿಯಲ್ಲಿ ತಪ್ಪು ಆರಿಸಿ, ರದ್ದು ಮಾಡಿ, ಮತ್ತೆ ಬರೆದೆ. ಸರಳ ಪದ್ಧತಿಯಲ್ಲಿ ನಮ್ಮಂಥ ವೃತ್ತಿಯವರ ಆದಾಯದ ಶೇ. 75ಕ್ಕೆ ಮಾತ್ರ ತೆರಿಗೆ. ಮೊದಲ ವರ್ಷ ಅದರಲ್ಲೂ ಅರ್ಧ ಕಡಿತ, ಎರಡನೇ ವರ್ಷ ಕಾಲು ಭಾಗ ಕಡಿತ. ಸಾಮಾಜಿಕ ಭದ್ರತೆಯ ವಂತಿಗೆ ಮೊದಲ ಹನ್ನೆರಡು ತಿಂಗಳು ಕಟ್ಟಬೇಕಿಲ್ಲ. ಆಮೇಲೆ ಆದಾಯದ ಶೇ. 70ರ ಮೇಲೆ ಶೇ. 21.4. ಹದಿಮೂರನೇ ತಿಂಗಳು ಎದೆ ಧಸಕ್ಕೆನ್ನುತ್ತೆ. ಮೊದಲ ವರ್ಷದಿಂದಲೇ ಆ ಪಾಲು ಬೇರೆ ಖಾತೆಗೆ ಹಾಕುತ್ತಾ ಬನ್ನಿ. ನನಗೆ ಮನೆಯ ಮುಂಗಡಕ್ಕೆ ದಾರಿಯಾದದ್ದೂ ಆ ಖಾತೆಯೇ.

ಈಗ ಮನೆ

ಕಾದದ್ದರಿಂದ ಏನು ಲಾಭ ಆಯಿತು ಅಂದ್ರೆ, ಮೊದಲನೆಯದು ಸಾಲ. ಸ್ವಂತ ಕೆಲಸದವರನ್ನು ಬ್ಯಾಂಕು ಎರಡು ವರ್ಷದ ತೆರಿಗೆ ಲೆಕ್ಕ ಕೇಳುತ್ತೆ. ನನ್ನ ಹತ್ತಿರ 2023ರದ್ದು ಮತ್ತು 2024ರದ್ದು ಇತ್ತು. ಬಂದ ಕೂಡಲೇ ಕೇಳಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಪೋರ್ಚುಗಲ್‌ನ ಕೇಂದ್ರ ಬ್ಯಾಂಕು ತಾನೇ ವಾಸಿಸುವ ಮನೆಗೆ ಬೆಲೆಯ ಶೇ. 90ರವರೆಗೆ ಸಾಲ, ಬೇರೆ ಮನೆಗೆ ಶೇ. 80 ಅನ್ನುವ ಮಿತಿ ಇಟ್ಟಿದೆ. ನಾನು ಶೇ. 75 ತೆಗೆದುಕೊಂಡೆ. ಎರಡನೆಯದು ಐಎಂಟಿ, ಅಂದರೆ ಕೊಳ್ಳುವಾಗಿನ ತೆರಿಗೆ. 2025ರ ಕೋಷ್ಟಕದಲ್ಲಿ 1,80,000 ಯೂರೊ ಮನೆಗೆ, ವಾಸದ ಮನೆಯಾದರೆ ಸುಮಾರು 2,600 ಯೂರೊ, ಎರಡನೇ ಮನೆಯಾದರೆ ಅದಕ್ಕಿಂತ ಸಾವಿರ ಜಾಸ್ತಿ. ಇದರ ಮೇಲೆ ಸ್ಟಾಂಪ್ ತೆರಿಗೆ ಶೇ. 0.8.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಚಳಿಗಾಲ. 2024ರ ಆಗಸ್ಟ್‌ನಲ್ಲಿ ಒಂದು ಟಿ2 ನೋಡಿದೆ. ಟಿ2 ಅಂದ್ರೆ ಎರಡು ಮಲಗುವ ಕೋಣೆ. ಬಿಳಿ ಗೋಡೆ, ಕಿಟಕಿಯಿಂದ ಮೊಂಡೆಗೊ ನದಿಯ ಒಂದು ಚೂರು. ಮನಸ್ಸು ಅಲ್ಲೇ ಕೂತುಬಿಟ್ಟಿತ್ತು. ವಕೀಲರು ಆತುರ ಬೇಡ ಅಂದರು. ಅದು ಮಾರಾಟವಾಗದೆ ಉಳಿದಿತ್ತು, ಜನವರಿಯಲ್ಲಿ ಮತ್ತೆ ಹೋದೆ. ಹೊರಗೆ ಒಂದು ವಾರದಿಂದ ಮಳೆ. ಕಪಾಟನ್ನು ಒಂದು ಗೇಣು ಸರಿಸಿ ನೋಡಿದರೆ ಹಿಂದಿನ ಗೋಡೆ ಪೂರ್ತಿ ಕಪ್ಪು ಬೂಷ್ಟು. ಅಂಗೈ ಇಟ್ಟೆ, ಒದ್ದೆ. ಯಾಕೆ ಮಾರಾಟವಾಗಿಲ್ಲ ಅಂತ ಆಗ ಗೊತ್ತಾಯಿತು. ಇಲ್ಲಿನ ಹಳೆ ಮನೆಗಳಲ್ಲಿ ಬಿಸಿ ಮಾಡುವ ವ್ಯವಸ್ಥೆ ಕಡಿಮೆ, ಗೋಡೆ ತೇವ ಕುಡಿಯುತ್ತೆ. ಮನೆಯನ್ನು ಜನವರಿಯಲ್ಲಿ ನೋಡಿ. ಕಪಾಟು ಸರಿಸಿ. ಉತ್ತರ ದಿಕ್ಕಿನ ಕೋಣೆಯಲ್ಲಿ ಐದು ನಿಮಿಷ ನಿಂತು ಮೂಸಿ ನೋಡಿ. ಶಕ್ತಿ ಪ್ರಮಾಣಪತ್ರ ಕೇಳಿ, ಅದು ಮಾರುವವರು ಕೊಡಲೇಬೇಕಾದ್ದು.

ಹಳ್ಳಿಯ ಕಲ್ಲಿನ ಹಾಳುಮನೆಯ ಆಸೆ ಎಲ್ಲರಿಗೂ ಒಂದು ಸಲ ಬರುತ್ತೆ. ನನಗೂ ಬಂತು. ಅದರ ವಾರಸುದಾರರು ಹನ್ನೊಂದು ಜನ, ಎಲ್ಲರ ಸಹಿ ಬೇಕು. ಇಬ್ಬರು ಬ್ರೆಜಿಲ್‌ನಲ್ಲಿ. ಬಿಟ್ಟೆ.

ಮನೆ ಒಪ್ಪಿಗೆಯಾದರೆ ವಕೀಲರನ್ನು ನೀವೇ ಹುಡುಕಿ. ಏಜೆಂಟ್ ಹೇಳಿದವರು ಬೇಡ. ಏಜೆಂಟ್‌ಗೆ ಕಮಿಷನ್ ಕೊಡುವುದು ಸಾಮಾನ್ಯವಾಗಿ ಮಾರುವವರು, ಆತ ಯಾರ ಕಡೆಯವ ಅಂತ ಬೇರೆ ಹೇಳಬೇಕಾ? ವಕೀಲರು ಮುಖ್ಯವಾಗಿ ನೋಡುವುದು ನೋಂದಣಿ ಪತ್ರದಲ್ಲಿ ಮಾಲೀಕ ಯಾರು, ಸಾಲ ಇದೆಯಾ ಅಂತ. ತೆರಿಗೆ ಇಲಾಖೆಯ ಪುಸ್ತಕದಲ್ಲಿ ಅಳತೆ ಅದೇ ಇದೆಯಾ ಅಂತಲೂ ನೋಡುತ್ತಾರೆ. ಫ್ಲಾಟ್ ಆದರೆ ಕಟ್ಟಡದ ಸಂಘಕ್ಕೆ ಬಾಕಿ ಎಷ್ಟು ಅನ್ನುವ ಪತ್ರವನ್ನೂ ಕೇಳಬೇಕು. 2022ರಿಂದ ಮಾರುವವರು ಅದನ್ನು ಕೊಡಬೇಕು. "ಬೇಡ ಬಿಡಿ" ಅಂತ ನೀವು ಬರೆದುಕೊಟ್ಟರೆ ಆ ಬಾಕಿ ನಿಮ್ಮ ತಲೆಗೆ.

ಆಮೇಲೆ ಕೊಳ್ಳುವ ಕರಾರು. ಇಲ್ಲಿ ಸಾಮಾನ್ಯವಾಗಿ ಶೇ. 10 ಮುಂಗಡ. ನೀವು ಹಿಂದೆ ಸರಿದರೆ ಮುಂಗಡ ಹೋಯಿತು. ಅವರು ಹಿಂದೆ ಸರಿದರೆ ಎರಡು ಪಟ್ಟು ವಾಪಸ್ ಕೊಡಬೇಕು. ಸಾಲ ನಂಬಿಕೊಂಡು ಕೊಳ್ಳುವವರು "ಬ್ಯಾಂಕ್ ಸಾಲ ಸಿಗದಿದ್ದರೆ ಮುಂಗಡ ವಾಪಸ್" ಅನ್ನುವ ಸಾಲನ್ನು ಹಾಕಿಸಲೇಬೇಕು. ನನ್ನ ಕರಾರಿನ ಮೊದಲ ಕರಡಿನಲ್ಲಿ ಅದು ಇರಲಿಲ್ಲ. ಕೇಳಿದೆ, ಎರಡು ದಿನ ಮುಖ ಊದಿಸಿಕೊಂಡರು, ಮೂರನೇ ದಿನ ಹಾಕಿದರು.

ಭಾರತದಿಂದ ಹಣ ತರುವವರಿಗೆ ಒಂದು ಮಾತು. ಅಲ್ಲಿ ವಾಸ ಇರುವಾಗಲೇ ಕಳಿಸಿದರೆ ವರ್ಷಕ್ಕೆ 2,50,000 ಡಾಲರ್ ಮಿತಿ. 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಬ್ಯಾಂಕು ಶೇ. 20 ಟಿಸಿಎಸ್, ಅಂದರೆ ಮುಂಚಿತವಾಗಿ ತೆರಿಗೆ ಹಿಡಿಯುತ್ತೆ. ರಿಟರ್ನ್‌ನಲ್ಲಿ ವಾಪಸ್ ಕೇಳಬಹುದು, ಆದರೆ ಅಲ್ಲಿಯವರೆಗೆ ಆ ದುಡ್ಡು ಕೈಯಲ್ಲಿರೋದಿಲ್ಲ. ಅನಿವಾಸಿಯಾದ ಮೇಲೆ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಮಾಡಿಸಿ ಆ ದಾರಿಯಲ್ಲಿ ತರಬೇಕು. ಅದಕ್ಕೆ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ, ಲೆಕ್ಕಪರಿಶೋಧಕರ ಪತ್ರ ಬೇಕಾಗುತ್ತೆ. ನನಗೆ ಆ ಪತ್ರ ಮತ್ತು ಬ್ಯಾಂಕಿನ ಓಡಾಟಕ್ಕೇ ಐದು ವಾರ ಹಿಡಿಯಿತು. ನೋಂದಣಿ ದಿನಾಂಕ ಗೊತ್ತು ಮಾಡುವ ಮೊದಲೇ ಇದನ್ನು ಶುರು ಮಾಡಿ.

ನೋಂದಣಿಯ ದಿನ ನೋಟರಿ ಇಡೀ ಪತ್ರವನ್ನು ಗಟ್ಟಿಯಾಗಿ ಓದುತ್ತಾರೆ. ಪೋರ್ಚುಗೀಸ್ ಬಾರದಿದ್ದರೆ ದುಭಾಷಿ ಬೇಕು. ನನಗೆ ಅಷ್ಟಿಷ್ಟು ಬರುತ್ತಿತ್ತು, ಆದರೂ ಕರೆದುಕೊಂಡು ಹೋದೆ. ಒಳ್ಳೆಯದೇ ಆಯಿತು. ಓದುವಾಗ ಗ್ಯಾರೇಜ್‌ನ ಸಂಖ್ಯೆ ತಪ್ಪಿರುವುದು ಅವರ ಕಿವಿಗೇ ಬಿದ್ದದ್ದು. ಅರ್ಧ ಗಂಟೆ ತಡವಾಗಿ, ತಿದ್ದಿದ ಮೇಲೆ ಸಹಿ.

ಕೀಲಿ ಕೈಗೆ ಬಂದ ಮೇಲೆ ಎರಡು ಕೆಲಸ ಮರೆಯಬೇಡಿ. ಹೊಸ ವಿಳಾಸವನ್ನು 60 ದಿನದೊಳಗೆ ಐಮಾಗೆ ತಿಳಿಸಬೇಕು. ಫಿನಾನ್ಸಾಸ್‌ನಲ್ಲೂ ಬದಲಾಯಿಸಬೇಕು, ಯಾಕಂದ್ರೆ ಮನೆ ತೆರಿಗೆಯ ಮೂರು ವರ್ಷದ ವಿನಾಯಿತಿ ಸಿಗಬೇಕಾದರೆ ಆರು ತಿಂಗಳೊಳಗೆ ಅದೇ ನಿಮ್ಮ ವಾಸದ ವಿಳಾಸ ಆಗಿರಬೇಕು. ಇಲಾಖೆ ಕಟ್ಟಿದ ಬೆಲೆ 1,25,000 ಯೂರೊ ಒಳಗಿರಬೇಕು, ಮನೆಯ ಆದಾಯಕ್ಕೂ ಒಂದು ಮಿತಿ ಇದೆ. ನಾನು ವಿಳಾಸ ಬದಲಾಯಿಸಿದ್ದು ನೋಂದಣಿಯಾದ ಮಾರನೇ ದಿನವೇ. ಹೊಸ ಅಂಚೆ ಡಬ್ಬಿಗೆ ನನ್ನ ಹೆಸರನ್ನೂ ಅವತ್ತೇ ಅಂಟಿಸಿದೆ.